ಮಂಡಿ ಆಪರೇಷನ್, ರೂಟ್ ಕೆನಾಲ್: ಸಂಶೋಧನೆಯನ್ನು ಓದುವ ಕ್ರಮ

ಮಂಡಿನೋವು ಕೆಲವು ತಿಂಗಳು ಏರುತ್ತದೆ, ಕೆಲವು ತಿಂಗಳು ತಾನಾಗಿಯೇ ಇಳಿಯುತ್ತದೆ. ರೋಗಿ ಆಸ್ಪತ್ರೆಗೆ ಹೋಗುವುದು ನೋವು ವಿಪರೀತವಾದಾಗ. ಹೀಗಾಗಿ ತಾನಾಗಿ ಇಳಿಯಬಹುದಾಗಿದ್ದ ನೋವೂ ಚಿಕಿತ್ಸೆಯ ಲೆಕ್ಕಕ್ಕೆ ಸೇರುತ್ತದೆ. ತಾನಾಗಿ ಇಳಿದದ್ದನ್ನೂ ಚಿಕಿತ್ಸೆಯಿಂದ ಇಳಿದದ್ದನ್ನೂ ಬೇರ್ಪಡಿಸಿ ತೋರಿಸುವುದೇ ಕ್ಲಿನಿಕಲ್ ಸಂಶೋಧನೆಯ ಕೆಲಸ. ಮಂಡಿ ಶಸ್ತ್ರಚಿಕಿತ್ಸೆ ಅಥವಾ ಹಲ್ಲಿನ ರೂಟ್ ಕೆನಾಲ್ ಕುರಿತ ಅಧ್ಯಯನವನ್ನು ಓದುವಾಗ, ಇಲ್ಲವೇ ಅದಕ್ಕೆ ಸೇರುವಂತೆ ವೈದ್ಯರು ಕೇಳಿದಾಗ, ಕೆಳಗಿನ ಕ್ರಮದಲ್ಲಿ ಪರಿಶೀಲಿಸಬಹುದು.

1. ಯಾವುದಕ್ಕೆ ಹೋಲಿಸಲಾಗಿದೆ?
ಆಪರೇಷನ್ ಆದವರಲ್ಲಿ ಎಷ್ಟು ಮಂದಿಗೆ ಗುಣವಾಯಿತು ಎಂಬುದಷ್ಟೇ ಸಾಲದು. ಆಗದವರಲ್ಲಿ ಎಷ್ಟು ಮಂದಿಗೆ ಗುಣವಾಯಿತು ಎಂಬುದೂ ಬೇಕು. ಅಮೆರಿಕದ ಹ್ಯೂಸ್ಟನ್‌ನಲ್ಲಿ ಬ್ರೂಸ್ ಮೋಸ್ಲಿ ಮತ್ತು ಸಂಗಡಿಗರು ಮಂಡಿ ಸವೆತದ 180 ರೋಗಿಗಳನ್ನು ಮೂರು ಗುಂಪು ಮಾಡಿದರು. ಸಣ್ಣ ರಂಧ್ರದಲ್ಲಿ ಕ್ಯಾಮೆರಾ ತೂರಿಸುವ ಆರ್ತ್ರೋಸ್ಕೋಪಿಯಿಂದ ಒಂದು ಗುಂಪಿಗೆ ಸವೆದ ಭಾಗ ಕೆರೆದು ತೆಗೆದರು, ಇನ್ನೊಂದಕ್ಕೆ ಕೀಲನ್ನು ತೊಳೆದರು. ಮೂರನೆಯ ಗುಂಪಿಗೆ ಚರ್ಮದ ಮೇಲೆ ಒಂದೊಂದು ಸೆಂಟಿಮೀಟರಿನ ಮೂರು ಗಾಯ ಮಾತ್ರ. ಆದರೂ ವೈದ್ಯರು ಒಂದೊಂದೇ ಉಪಕರಣ ಕೇಳಿ ಪಡೆದರು, ಕಾಲನ್ನು ಮಡಚಿ ತಿರುಗಿಸಿದರು, ಕೀಲು ತೊಳೆಯುವ ಸದ್ದು ಬರಲೆಂದು ಸಲೈನ್ ನೀರನ್ನು ಚಿಮ್ಮಿಸಿದರು. 2002ರಲ್ಲಿ ಫಲಿತಾಂಶ ಪ್ರಕಟವಾಯಿತು: ಎರಡು ವರ್ಷವಾದರೂ ನಿಜವಾದ ಆಪರೇಷನ್ ಆದವರ ನೋವು ತೋರಿಕೆಯ ಆಪರೇಷನ್ ಆದವರಿಗಿಂತ ಕಡಿಮೆ ಇರಲಿಲ್ಲ.

2. ಗುಂಪುಗಳನ್ನು ಮಾಡಿದ್ದು ಹೇಗೆ?
ವೈದ್ಯರೇ ಆರಿಸಿದರೆ ಗಟ್ಟಿಮುಟ್ಟಾದವರು ಒಂದೇ ಕಡೆ ಸೇರಿಬಿಡಬಹುದು. ಚೀಟಿ ಎತ್ತಿದಂತೆ ಹಂಚಿಕೆಯಾಗಬೇಕು. ಹ್ಯೂಸ್ಟನ್‌ನಲ್ಲಿ ರೋಗಿ ಆಪರೇಷನ್ ಥಿಯೇಟರ್ ಒಳಗೆ ಬಂದ ಮೇಲಷ್ಟೇ ಮುಚ್ಚಿದ ಲಕೋಟೆ ವೈದ್ಯರ ಕೈಸೇರುತ್ತಿತ್ತು.

3. ಯಾರಿಗೆ ಗೊತ್ತಿತ್ತು?
ತನಗೆ ಯಾವ ಚಿಕಿತ್ಸೆ ಆಯಿತೆಂದು ರೋಗಿಗೆ ತಿಳಿದರೆ ಆ ತಿಳಿವಳಿಕೆ ನೋವಿನ ಲೆಕ್ಕದಲ್ಲೂ ಬೆರೆಯುತ್ತದೆ. ರೂಟ್ ಕೆನಾಲ್ ಒಂದೇ ಸಿಟಿಂಗ್‌ನಲ್ಲಿ ಮುಗಿಯಿತೋ ಎರಡು ಮೂರು ಸಲ ಹೋಗಬೇಕಾಯಿತೋ ಎಂಬುದನ್ನು ರೋಗಿಯಿಂದ ಬಚ್ಚಿಡಲಾಗದು. ಅಂಥಲ್ಲಿ ಎಕ್ಸ್-ರೇ ನೋಡಿ ಅಂಕ ಕೊಡುವವರಿಗಾದರೂ ಅದು ಗೊತ್ತಿರಬಾರದು.

4. ಅಳೆದದ್ದು ಏನನ್ನು?
ಹಲ್ಲಿನ ಬೇರಿನ ತುದಿಯ ಸೋಂಕು ವಾಸಿಯಾಗಿದೆಯೇ ಎಂಬುದು ಎಕ್ಸ್-ರೇಯಲ್ಲಿ ಕಾಣಲು ತಿಂಗಳುಗಳೇ ಬೇಕು. ಚಿಕಿತ್ಸೆಯ ನಂತರದ ನೋವು ಮೊದಲ ವಾರದ ಮಾತು. ಇವು ಎರಡು ಬೇರೆ ಪ್ರಶ್ನೆಗಳು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಒಂದೇ ಸಿಟಿಂಗ್ ಮತ್ತು ಹಲವು ಸಿಟಿಂಗ್‌ಗಳ ನಡುವೆ ವಾಸಿಯಾಗುವುದರಲ್ಲಿ ಸ್ಪಷ್ಟ ವ್ಯತ್ಯಾಸ ಕಂಡಿಲ್ಲ. ಮೊದಲ ವಾರದ ನೋವು ಮಾತ್ರ ಒಂದೇ ಸಿಟಿಂಗ್‌ನವರಲ್ಲಿ ಹೆಚ್ಚು. ಮಂಡಿಗೆ ಹೆಚ್ಚಾಗಿ ಬಳಸುವ ‘ವೋಮ್ಯಾಕ್’ ಪ್ರಶ್ನಾವಳಿಯ 24 ಪ್ರಶ್ನೆಗಳಲ್ಲಿ ಮೆಟ್ಟಿಲು ಹತ್ತಿಳಿಯುವುದು, ಕುರ್ಚಿಯಿಂದ ಏಳುವುದು ಬರುತ್ತವೆ; ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು ಬರುವುದಿಲ್ಲ. ಊಟಕ್ಕೂ ಪೂಜೆಗೂ ನೆಲದಲ್ಲೇ ಕೂರುವವರು ಈ ವಿಷಯವನ್ನು ವೈದ್ಯರಲ್ಲಿ ಪ್ರತ್ಯೇಕವಾಗಿ ಕೇಳಬೇಕು.

5. ಫಲಿತಾಂಶ ಯಾರಿಗೆ ಅನ್ವಯಿಸುತ್ತದೆ?
2013ರಲ್ಲಿ ಪ್ರಕಟವಾದ ಫಿನ್ಲೆಂಡಿನ ಅಧ್ಯಯನದಲ್ಲಿದ್ದವರು 35ರಿಂದ 65 ವರ್ಷದ 146 ಮಂದಿ. ವಯಸ್ಸಿನೊಂದಿಗೆ ಹರಿದ ಮಂಡಿಯ ಮೆನಿಸ್ಕಸ್ (ಕೀಲಿನೊಳಗಿನ ಮೆತ್ತೆಯಂಥ ಮೃದ್ವಸ್ಥಿ) ಕತ್ತರಿಸಿ ತೆಗೆದದ್ದು ತೋರಿಕೆಯ ಆಪರೇಷನ್ನಿಗಿಂತ ಹೆಚ್ಚಿನ ಫಲ ಕೊಡಲಿಲ್ಲ. ಕಬಡ್ಡಿ ಆಡುವಾಗ ಮಂಡಿ ತಿರುಚಿಕೊಂಡ ಹುಡುಗನಿಗೆ ಇದು ಅನ್ವಯಿಸದು. ಕೃತಕ ಮಂಡಿ ಜೋಡಣೆಯ ಕತೆಯೇ ಬೇರೆ. ಡೆನ್ಮಾರ್ಕಿನಲ್ಲಿ 100 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ವರ್ಷದ ಬಳಿಕ, ನೂರು ಅಂಕಗಳ ಮಾಪನದಲ್ಲಿ, ಜೋಡಣೆಯಾದವರು ಸರಾಸರಿ 32.5 ಅಂಕ ಸುಧಾರಿಸಿದರು. ವ್ಯಾಯಾಮ, ತೂಕ ಇಳಿಕೆ, ಮಾತ್ರೆಗಳಲ್ಲೇ ಇದ್ದವರು 16. ಆದರೆ ಗಂಭೀರ ತೊಂದರೆಗಳು ಮೊದಲ ಗುಂಪಿನಲ್ಲಿ 24, ಎರಡನೆಯದರಲ್ಲಿ 6. ಲಾಭ, ಅಪಾಯಗಳ ಅಂಕಿಗಳನ್ನು ಜೊತೆಯಲ್ಲೇ ಓದಬೇಕು.

6. ಕೊನೆಯವರೆಗೆ ಉಳಿದವರೆಷ್ಟು?
ಹ್ಯೂಸ್ಟನ್‌ನ 180ರಲ್ಲಿ 165 ಮಂದಿ ಕೊನೆಯವರೆಗೆ ಇದ್ದರು. ನಡುವೆ ಬಿಟ್ಟುಹೋದವರು ಹೆಚ್ಚಿದಷ್ಟೂ ಫಲಿತಾಂಶದ ಮೇಲಿನ ಭರವಸೆ ಕಡಿಮೆ.

7. ನೋಂದಣಿ ಆಗಿದೆಯೇ?
ಭಾರತದಲ್ಲಿ ಇಂಥ ಅಧ್ಯಯನಗಳ ವಿವರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2007ರಲ್ಲಿ ಆರಂಭಿಸಿದ ‘ಸಿಟಿಆರ್‌ಐ’ ಜಾಲತಾಣದಲ್ಲಿ ಸಿಗುತ್ತದೆ. ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನವೇ ನೋಂದಣಿಯಾಗಬೇಕು. ಏನನ್ನು ಅಳೆಯುವುದೆಂದು ಅಲ್ಲಿ ಬರೆದಿರುತ್ತದೆ. ವರದಿಯಲ್ಲಿ ಬೇರೆಯದನ್ನೇ ಮುಂದೆ ಮಾಡಿದ್ದರೆ ಗೊತ್ತಾಗುತ್ತದೆ.

8. ಸಹಿ ಹಾಕುವ ಮುನ್ನ
ಮಾಹಿತಿ ಪತ್ರ ರೋಗಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಕನ್ನಡದ ಪ್ರತಿಯನ್ನು ಕೇಳಿ ಪಡೆಯಬಹುದು. ನೈತಿಕ ಸಮಿತಿಯ ಅನುಮತಿ, ಖರ್ಚು ಯಾರದು, ಅಧ್ಯಯನದಿಂದ ತೊಂದರೆಯಾದರೆ ಚಿಕಿತ್ಸೆ ಯಾರ ಹೊಣೆ ಎಂಬುದನ್ನು ಅದರಲ್ಲಿ ನೋಡಬೇಕು. ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ಅದರಿಂದ ಮಾಮೂಲಿ ಚಿಕಿತ್ಸೆಗೆ ಅಡ್ಡಿಯಾಗಬಾರದು. ಹ್ಯೂಸ್ಟನ್‌ನಲ್ಲಿ ಸೇರಿದವರೆಲ್ಲ ತಮಗೆ ತೋರಿಕೆಯ ಆಪರೇಷನ್ ಮಾತ್ರ ಆಗಬಹುದೆಂದು ಸ್ವಂತ ಕೈಬರಹದಲ್ಲಿ ಬರೆದುಕೊಟ್ಟಿದ್ದರು. ಅರ್ಹರಾಗಿದ್ದ 324 ಮಂದಿಯಲ್ಲಿ 144 ಮಂದಿ ಬೇಡವೆಂದರು.