ಕಂಪವಾತ ಮತ್ತು ತಜ್ಞಶುಶ್ರೂಷೆ

ಕೈನಡುಕವನ್ನು ಮುಪ್ಪಿನ ಸಹಜಧರ್ಮವೆಂದು ಬಗೆದು ಸುಮ್ಮನಿರುವುದು ನಮ್ಮಲ್ಲಿ ರೂಢಿ. ಆದರೆ ನಡುಕದೊಡನೆ ನಡಿಗೆ ನಿಧಾನವಾಗಿ, ಸ್ನಾಯುಗಳು ಬಿಗಿದು, ಬರೆಯುವ ಅಕ್ಷರ ಕಿರಿದಾಗುತ್ತ ಬಂದರೆ, ಅದು 1817ರಲ್ಲಿ ಜೇಮ್ಸ್ ಪಾರ್ಕಿನ್ಸನ್ ವರ್ಣಿಸಿದ ವ್ಯಾಧಿಯಾಗಿರಬಹುದು. ಇದರಲ್ಲಿ ಮಿದುಳಿನ ಡೋಪಮೈನ್ ಉತ್ಪಾದಿಸುವ ಜೀವಕೋಶಗಳು ಕ್ರಮೇಣ ನಶಿಸುತ್ತವೆ.

ಆ ಕೊರತೆಯನ್ನು ತುಂಬುವ ಲೆವೊಡೋಪ ನಮ್ಮ ನಸುಗುನ್ನಿ ಬೀಜದಲ್ಲಿಯೂ ಉಂಟು. ಆದರೂ ಬೀಜದ ಪುಡಿಯಲ್ಲಿ ಅದರ ಪ್ರಮಾಣ ನಿಶ್ಚಿತವಲ್ಲವಾದುದರಿಂದ ಸ್ವಚಿಕಿತ್ಸೆ ಸಲ್ಲದು. ಗುಳಿಗೆಯ ಅಳತೆಯನ್ನೂ ವೇಳೆಯನ್ನೂ ನರರೋಗತಜ್ಞರೇ ನಿರ್ಧರಿಸಬೇಕು. ವೇಳೆ ತಪ್ಪಿದರೆ ಚಲನೆ ಕುಂಠಿತವಾಗುತ್ತದೆ. ಹಠಾತ್ತನೆ ನಿಲ್ಲಿಸಿದರೆ ಪ್ರಾಣಾಪಾಯವೂ ಒದಗಬಹುದು. ನಡಿಗೆಯ ವ್ಯಾಯಾಮ, ಮಾತು ಹಾಗೂ ನುಂಗುವಿಕೆಯ ಅಭ್ಯಾಸಗಳೂ ಚಿಕಿತ್ಸೆಯ ಅಂಗಗಳೇ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇಂತಹ ತಜ್ಞಸೇವೆ ಲಭ್ಯವಿದೆ. ವ್ಯಾಧಿಯನ್ನು ನಿರ್ಮೂಲಗೊಳಿಸುವ ಮದ್ದು ಇನ್ನೂ ದೊರೆತಿಲ್ಲ. ಆದರೆ ಸಕಾಲದ ಶುಶ್ರೂಷೆಯಿಂದ ಹಿರಿಯರು ಹಲವು ವರ್ಷ ಸ್ವಾವಲಂಬಿಗಳಾಗಿ ಬಾಳಬಲ್ಲರು.