ಸರಪಣಿಯಿಲ್ಲದ ಬೈಸಿಕಲ್ಲು

ಹೆಣ್ಣುಮಕ್ಕಳ ಪ್ರೌಢಶಾಲೆಯ ಸ್ಮರಣ ಸಂಚಿಕೆಯಲ್ಲಿ ಬೈಸಿಕಲ್ಲಿನ ಯಂತ್ರಾಂಗಗಳಿಗೆ ಸ್ಥಳವೇಕೆಂದು ವಾಚಕರಲ್ಲಿ ಕೆಲವರು ಕೇಳಬಹುದು. ಬೆಳಗಿನ ಪ್ರಾರ್ಥನೆಯ ಗಂಟೆಗೆ ಮುಂಚೆ ನಮ್ಮ ಗೇಟಿನ ಬಳಿಯ ಮರದ ನೆರಳನ್ನು ನೋಡಿದವರು ಹಾಗೆ ಕೇಳಲಾರರು. 2006-07ನೆಯ ವರ್ಷದಿಂದ ಮೊದಲುಗೊಂಡು ಕೆಲವು ಕಾಲ ಕರ್ನಾಟಕ ಸರ್ಕಾರವು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ 8ನೆಯ ತರಗತಿಯವರಿಗೆ ಬೈಸಿಕಲ್ಲುಗಳನ್ನು ಉಚಿತವಾಗಿ ಹಂಚಿತು. ಅದುವರೆಗೆ ಅಣ್ಣತಮ್ಮಂದಿರ ಸೊತ್ತೆಂದೇ ಎಣಿಸಲ್ಪಡುತ್ತಿದ್ದ ಯಂತ್ರವು ಅನೇಕ ಮನೆಗಳಲ್ಲಿ ಮಗಳದಾಯಿತು. ಏಳನೆಯ ತರಗತಿಗೇ ಓದು ನಿಂತುಹೋಗುತ್ತಿದ್ದ ಎಷ್ಟೋ ಮಂದಿ ಬಾಲಿಕೆಯರಿಗೆ ಮೂರು ಮೈಲಿ ದೂರವು ದೂರವಲ್ಲದೆ ಹೋಯಿತು.

ಆದರೆ ತಡವಾಗಿ ಬಂದ ಬಾಲಿಕೆಯನ್ನು ಕಾರಣವೇನೆಂದು ಕೇಳಿದರೆ ಉತ್ತರವು ಬಹುಮಟ್ಟಿಗೆ ಎರಡರಲ್ಲಿ ಒಂದಾಗಿರುವದು: ಚೈನು ಕಳಚಿತು, ಇಲ್ಲವೆ ಬಟ್ಟೆಯು ಚೈನಿಗೆ ಸಿಕ್ಕಿತು. ಈ ಎರಡನೆಯದು ನಗತಕ್ಕ ಮಾತಲ್ಲ. ದುಪಟ್ಟದ ಸೆರಗನ್ನಾಗಲಿ ಸೀರೆಯ ಅಂಚನ್ನಾಗಲಿ ಒಮ್ಮೆ ಹಿಡಿದ ಹಲ್ಲುಚಕ್ರವು ತಾನಾಗಿ ಬಿಡುವದಿಲ್ಲ. ಹಿಂದೆ ಲಾರಿಯೊಂದು ಬರುತ್ತಿದ್ದರೆ ಆಗುವದೇನೆಂದು ಬರೆಯಲು ನಮಗೆ ಮನಸ್ಸಿಲ್ಲ. ಆದಕಾರಣ ಸರಪಣಿಯೇ ಇಲ್ಲದ, ಗಿಯರುಗಳೆಲ್ಲ ಒಳಗೇ ಅಡಗಿರುವ ಬೈಸಿಕಲ್ಲುಗಳು ಬಂದಿವೆಯಂತೆ, ಮಗಳಿಗೆ ಅಂಥದನ್ನೇ ಕೊಡಿಸೋಣವೇ ಎಂದು ತಂದೆತಾಯಿಗಳು ವಿಚಾರಿಸುವದುಂಟು. ಹೌದು ಅಲ್ಲ ಎಂಬ ಒಂದು ಮಾತಿನಿಂದ ಇದಕ್ಕೆ ಉತ್ತರ ಕೊಡಲಾಗದು.

ಮೊದಲು ಸರಪಣಿಯು ಮಾಡುವ ಕೆಲಸವನ್ನು ತಿಳಿಯೋಣ. ಮುಂದಿನ ಹಲ್ಲುಚಕ್ರಕ್ಕೆ 48, ಹಿಂದಿನದಕ್ಕೆ 18 ಹಲ್ಲುಗಳಿವೆ ಎಂದುಕೊಳ್ಳಿರಿ. ಪೆಡಲು ಒಂದು ಸುತ್ತು ಸುತ್ತಿದರೆ ಹಿಂದಿನ ಗಾಲಿಯು ಎರಡು ಮತ್ತು ಮೂರನೆಯ ಎರಡು ಸುತ್ತು ಸುತ್ತುವದು. 28 ಅಂಗುಲದ ಗಾಲಿಯ ಪರಿಧಿಯು 88 ಅಂಗುಲ. ಆದುದರಿಂದ ಒಂದು ತುಳಿತಕ್ಕೆ ಸುಮಾರು ಹತ್ತೊಂಬತ್ತೂವರೆ ಅಡಿ ದಾರಿ ಸಾಗುವದು. ಸಮನಾದ ದಾರಿಗೆ ಇದು ಸಾಕು. ಏರು ಬಂದಾಗ ಒಂದು ತುಳಿತಕ್ಕೆ ಕಡಿಮೆ ದಾರಿಯನ್ನು ಸವೆಸಿ ಕಡಿಮೆ ಬಲವನ್ನು ಹಾಕುವ ಹಾಗಿದ್ದರೆ ಲೇಸು. ಗಿಯರು ಎಂಬುದೆಲ್ಲ ಇಷ್ಟೇ. ಅದು ಬಲವನ್ನು ಹುಟ್ಟಿಸುವದಿಲ್ಲ. ಇರುವ ಬಲವನ್ನು ದಾರಿಗೆ ತಕ್ಕಂತೆ ವಿನಿಯೋಗಿಸುವದು.

ಇಂದಿನ ರೀತಿಯ ಉರುಳೆಗಳುಳ್ಳ ಸರಪಣಿಯನ್ನು 1880ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹಾನ್ಸ್ ರೆನಾಲ್ಡ್ ಎಂಬವರು ನಿರ್ಮಿಸಿದರು. 1885ರಲ್ಲಿ ಕವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ಎಂಬವರು ಎರಡೂ ಗಾಲಿಗಳು ಹೆಚ್ಚುಕಡಿಮೆ ಸಮವಾಗಿರುವ, ಹಿಂದಿನ ಗಾಲಿಗೆ ಸರಪಣಿಯಿರುವ ರೋವರ್ ಬೈಸಿಕಲ್ಲನ್ನು ಹೊರತಂದರು. ಅದಕ್ಕಿಂತ ಮುಂಚಿನ ಎತ್ತರದ ಬೈಸಿಕಲ್ಲಿನಲ್ಲಿ ಪೆಡಲುಗಳು ದೊಡ್ಡ ಮುಂಗಾಲಿಗೇ ಜೋಡಿಸಲ್ಪಟ್ಟಿದ್ದು, ಉದ್ದವಾದ ಉಡುಪನ್ನು ಧರಿಸಿದ ಸ್ತ್ರೀಯರು ಅದನ್ನು ಏರುವದು ಅಸಾಧ್ಯವೇ ಆಗಿತ್ತು. ಹೀಗೆ ನೋಡಿದರೆ ಸ್ತ್ರೀಯರನ್ನು ಬೈಸಿಕಲ್ಲಿನ ಮೇಲೆ ಕೂಡಿಸಿದ್ದು ಸರಪಣಿಯೇ. ಅವರ ಉಡುಪನ್ನು ಹಿಡಿದೆಳೆದದ್ದೂ ಅದೇ.

ಸರಪಣಿಯ ಗುಣವನ್ನು ಮರೆಮಾಚುವದು ನ್ಯಾಯವಲ್ಲ. 1999ರಲ್ಲಿ ಅಮೇರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಸ್ಪೈಸರ್ ಎಂಬವರು ಮಾಡಿದ ಪರೀಕ್ಷೆಯಲ್ಲಿ, ಅನುಕೂಲವಾದ ಸ್ಥಿತಿಯಲ್ಲಿ ಸರಪಣಿಯು ಪೆಡಲಿಗೆ ಹಾಕಿದ ಶಕ್ತಿಯಲ್ಲಿ 100ಕ್ಕೆ 98.6 ಪಾಲನ್ನು ಗಾಲಿಗೆ ಮುಟ್ಟಿಸಿತೆಂದು ಕಂಡುಬಂತು. ಇಷ್ಟು ಅಗ್ಗದ ಸಾಧನವು ಇಷ್ಟು ಕಡಿಮೆ ನಷ್ಟದಿಂದ ಕೆಲಸ ಮಾಡುವದು ಅಪರೂಪ.

ಹಾಗಿದ್ದರೂ ಸರಪಣಿಯನ್ನು ನೀಗಿಬಿಡಬೇಕೆಂಬ ಪ್ರಯತ್ನವು ಹೊಸದಲ್ಲ. ಲಂಡನ್ನಿನ ಫಿಯರ್ನ್‌ಹೆಡ್ ಎಂಬವರೂ ಅಮೇರಿಕದ ವಾಲ್ಟರ್ ಸ್ಟಿಲ್‌ಮನ್ ಎಂಬವರೂ 1891ರಲ್ಲಿಯೇ ಇದಕ್ಕೆ ಪೇಟೆಂಟುಗಳನ್ನು ಪಡೆದಿದ್ದರು. ಇವರ ಉಪಾಯವು ಏನಂದರೆ, ಪೆಡಲಿನ ಅಚ್ಚಿಗೂ ಹಿಂದಿನ ಗಾಲಿಗೂ ನಡುವೆ ಒಂದು ಉಕ್ಕಿನ ದಂಡವನ್ನಿಟ್ಟು, ಅದರ ಎರಡು ತುದಿಗಳಲ್ಲಿಯೂ ಓರೆಹಲ್ಲಿನ ಚಕ್ರಗಳನ್ನು ಕೂಡಿಸುವದು. ಪೆಡಲು ಸುತ್ತಿದರೆ ದಂಡವು ತಿರುಗುವದು, ದಂಡವು ತಿರುಗಿದರೆ ಗಾಲಿಯು ಸುತ್ತುವದು. ಎಲ್ಲವೂ ಕೊಳವೆಯೊಳಗೆ ಮುಚ್ಚಿರುವದರಿಂದ ಎಣ್ಣೆಯ ಮಸಿಯಿಲ್ಲ, ಬಟ್ಟೆ ಸಿಕ್ಕುವ ಭಯವಿಲ್ಲ. ಫ್ರಾನ್ಸಿನಲ್ಲಿ ಇಂಥ ಬೈಸಿಕಲ್ಲಿಗೆ ಅಕಾತೆನ್, ಎಂದರೆ ಸರಪಣಿರಹಿತ, ಎಂದು ಹೆಸರಿಟ್ಟರು. ಅಮೇರಿಕದ ಹಾರ್ಟ್‌ಫರ್ಡಿನ ಆಲ್ಬರ್ಟ್ ಪೋಪ್ ಎಂಬ ದೊಡ್ಡ ತಯಾರಕರು 1897ರ ಕೊನೆಯಲ್ಲಿ ಕೊಲಂಬಿಯಾ ಎಂಬ ಹೆಸರಿನ ಸರಪಣಿರಹಿತ ಬೈಸಿಕಲ್ಲನ್ನು 125 ಡಾಲರುಗಳಿಗೆ ಮಾರಾಟಕ್ಕಿಟ್ಟರು. ಸರಪಣಿಯುಳ್ಳ ಒಳ್ಳೆಯ ಬೈಸಿಕಲ್ಲಿನ ಬೆಲೆಯು ಆಗ ಇದಕ್ಕಿಂತ ಬಹಳ ಕೆಳಗಿತ್ತು. ಸ್ತ್ರೀಯರಿಗಾಗಿ ಬೇರೆ ಮಾದರಿಯನ್ನೂ ಮಾಡಿದ್ದರು.

ಆ ಕಾಲದ ಸ್ತ್ರೀಯರಿಗೆ ಬೈಸಿಕಲ್ಲೆಂದರೆ ಏನಾಗಿತ್ತೆಂಬದಕ್ಕೆ ಒಂದು ದೃಷ್ಟಾಂತವನ್ನು ಇಲ್ಲಿ ಕೊಡುತ್ತೇವೆ. ಕ್ರೈಸ್ತ ಸ್ತ್ರೀಯರ ಪಾನನಿರೋಧ ಸಂಘದ ಅಧ್ಯಕ್ಷಿಣಿಯಾಗಿದ್ದ ಫ್ರಾನ್ಸಿಸ್ ವಿಲರ್ಡ್ ಅವರು ತಮ್ಮ 53ನೆಯ ವಯಸ್ಸಿನಲ್ಲಿ ಬೈಸಿಕಲ್ಲನ್ನು ಕಲಿತು, 1895ರಲ್ಲಿ ಅದರ ವಿಷಯವಾಗಿ ಒಂದು ಚಿಕ್ಕ ಪುಸ್ತಕವನ್ನೇ ಪ್ರಕಟಿಸಿದರು. ಚಕ್ರದೊಳಗೊಂದು ಚಕ್ರ ಎಂಬ ಅರ್ಥದ ಅದರ ಹೆಸರು ಯೆಹೆಜ್ಕೇಲ ಪ್ರವಾದಿಯ ದರ್ಶನವನ್ನು ನೆನಪಿಗೆ ತರುವದು. ಈ ಹೆಸರನ್ನು ವಾಚಕರು ಮನಸ್ಸಿನಲ್ಲಿಟ್ಟಿರಬೇಕು. ಮುಂದೆ ಇದೇ ಮಾತು ಉಕ್ಕಿನಲ್ಲಿ ಬರಲಿದೆ.

ಇಷ್ಟು ಅನುಕೂಲವಾದ ದಂಡದ ಬೈಸಿಕಲ್ಲು ಯಾಕೆ ನಿಲ್ಲಲಿಲ್ಲ? ಲೆಕ್ಕ ಮಾಡಿ ನೋಡೋಣ. ಒಂಬತ್ತನೆಯ ತರಗತಿಯ ಗಣಿತವೇ ಸಾಕು. 50 ಕಿಲೋ ತೂಕದ ಬಾಲಿಕೆಯು ಏರಿನಲ್ಲಿ ಒಂದೇ ಪೆಡಲಿನ ಮೇಲೆ ಪೂರ್ಣ ಭಾರವನ್ನು ಊರಿದಳೆನ್ನಿರಿ. ಪೆಡಲಿನ ತೋಳು ಆರೂ ಮುಕ್ಕಾಲು ಅಂಗುಲ. ಸರಪಣಿಯಲ್ಲಿ ಹಲ್ಲಿನಿಂದ ಹಲ್ಲಿಗೆ ಅರ್ಧ ಅಂಗುಲವಿರುವದರಿಂದ 48 ಹಲ್ಲುಗಳ ಚಕ್ರದ ಪರಿಧಿಯು 24 ಅಂಗುಲ, ತ್ರಿಜ್ಯವು ಸುಮಾರು 3.8 ಅಂಗುಲ. ಹೀಗೆ ಸರಪಣಿಯ ಮೇಲೆ ಬೀಳುವ ಎಳೆತವು 88 ಕಿಲೋ ತೂಕದಷ್ಟು. ಅದನ್ನೂ ಅನೇಕ ಹಲ್ಲುಗಳು ಹಂಚಿಕೊಳ್ಳುವವು. ಓರೆಹಲ್ಲಿನ ಚಕ್ರವಾದರೋ ಬೈಸಿಕಲ್ಲಿನ ಕೆಳಗೆ ಹಿಡಿಸಬೇಕಾದದ್ದರಿಂದ ಚಿಕ್ಕದಾಗಿರಬೇಕು. ಅದರ ತ್ರಿಜ್ಯವು ಒಂದೂವರೆ ಅಂಗುಲವಿದ್ದರೆ ಹಲ್ಲಿನ ಮೇಲೆ ಬೀಳುವ ಭಾರವು 225 ಕಿಲೋ. ಅದನ್ನು ಹೊರುವದು ಒಂದೆರಡು ಹಲ್ಲುಗಳು ಮಾತ್ರ. ಅದಲ್ಲದೆ ತುಳಿದಾಗಲೆಲ್ಲ ಬೈಸಿಕಲ್ಲಿನ ಚೌಕಟ್ಟು ಕೂದಲೆಳೆಯಷ್ಟು ಬಾಗುವದು. ಸರಪಣಿಯು ಬಾಗಿಕೊಳ್ಳಬಲ್ಲದು, ಓರೆಹಲ್ಲುಗಳು ಒಂದಕ್ಕೊಂದು ಸರಿಯಾಗಿ ಎದುರಾಗದಿದ್ದರೆ ಉಜ್ಜಿಕೊಂಡು ಸವೆದುಹೋಗುವವು. ಇಂಥ ಜೋಡಿಗಳು ಎರಡಿರುವದರಿಂದ ನಷ್ಟವೂ ಎರಡು ಬಾರಿ.

ಈ ಹಲ್ಲುಗಳನ್ನು ನಿಖರವಾಗಿ ಸಾಣೆಹಿಡಿಯುವ ಕೆಲಸವನ್ನು ಡೆಟ್ರಾಯಿಟಿನ ಹೆನ್ರಿ ಲೀಲೆಂಡ್ ಅವರ ಕಾರ್ಖಾನೆಯು ಮಾಡುತ್ತಿತ್ತು. 1902ರಲ್ಲಿ ಕ್ಯಾಡಿಲಾಕ್ ಮೋಟಾರು ಕಂಪನಿಯನ್ನು ಕಟ್ಟಿದವರು ಇವರೇ. ಬೈಸಿಕಲ್ಲಿನಲ್ಲಿ ಕಲಿತ ನಿಖರತೆಯು ಮೋಟಾರಿಗೆ ಸಂದಿತು. ದಂಡವೂ ಓರೆಹಲ್ಲೂ ಮೋಟಾರಿನಲ್ಲಿಯೇ ತಮ್ಮ ಯೋಗ್ಯವಾದ ಸ್ಥಳವನ್ನು ಕಂಡುಕೊಂಡವು ಎಂದು ನಮ್ಮ ಅಭಿಪ್ರಾಯ.

ಇಲ್ಲಿ ಒಂದು ಸಾಮಾನ್ಯವಾದ ತಪ್ಪು ತಿಳುವಳಿಕೆಯನ್ನು ತೆಗೆದುಹಾಕಬೇಕು. ದಂಡವು ಸರಪಣಿಗೆ ಬದಲು ಬರಬಹುದು; ಗಿಯರಿಗೆ ಬದಲು ಬರಲಾರದು. ಇಂದು ಅಂಗಡಿಗಳಲ್ಲಿ ಕಾಣುವ ಅನೇಕ ಗಿಯರಿನ ಬೈಸಿಕಲ್ಲುಗಳಲ್ಲಿ ಹಿಂದಿನ ಗಾಲಿಯ ಮೇಲೆ ಹಲ್ಲುಚಕ್ರಗಳ ಸಾಲೊಂದಿದ್ದು, ಸರಪಣಿಯನ್ನು ಪಕ್ಕಕ್ಕೆ ತಳ್ಳಿ ಒಂದರಿಂದ ಇನ್ನೊಂದಕ್ಕೆ ದಾಟಿಸುವರು. ಡಿರೇಲರ್ ಎಂಬ ಫ್ರೆಂಚ್ ಮೂಲದ ಹೆಸರಿಗೆ ಹಳಿ ತಪ್ಪಿಸುವದು ಎಂದೇ ಅರ್ಥ. ಫ್ರಾನ್ಸಿನ ಮಹಾಪಂದ್ಯವಾದ ಟೂರ್ ದ ಫ್ರಾನ್ಸಿನಲ್ಲಿಯೂ 1937ರವರೆಗೆ ಇದಕ್ಕೆ ಅನುಮತಿಯಿರಲಿಲ್ಲ. ಸರಪಣಿಯ ಬಳುಕುವ ಗುಣವೇ ಈ ಉಪಾಯಕ್ಕೆ ಆಧಾರ. ಸರಪಣಿಯನ್ನು ತೆಗೆದರೆ ಇದೂ ಹೋಯಿತು. ಆಗ ಗಿಯರುಗಳಿಗೆ ಬೇರೆ ಮನೆಯನ್ನು ಹುಡುಕಬೇಕು.

ಆ ಮನೆಯು ಗಾಲಿಯ ಗುಂಬ, ಎಂದರೆ ಸೈಕಲ್ ಷಾಪಿನವರು ಹಬ್ ಎನ್ನುವ ಭಾಗ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಸ್ಟರ್ಮಿ-ಆರ್ಚರ್ ಕಂಪನಿಯವರು 1936ರಲ್ಲಿ ಹೊರತಂದ ಮೂರು ಗಿಯರಿನ ಗುಂಬವನ್ನು ಬಿಚ್ಚಿ ನೋಡಿದವರು ಫ್ರಾನ್ಸಿಸ್ ವಿಲರ್ಡರ ಪುಸ್ತಕದ ಹೆಸರನ್ನು ಕಣ್ಣಾರೆ ಕಂಡ ಹಾಗೆಯೇ. ಅಲ್ಲಾಡದ ಅಚ್ಚಿನ ಮೇಲೆ 20 ಹಲ್ಲುಗಳ ಸೂರ್ಯಚಕ್ರ. ಅದರ ಸುತ್ತಲೂ ಒಂದು ಪಂಜರದಲ್ಲಿ ಕೂಡಿಸಿದ ನಾಲ್ಕು ಗ್ರಹಚಕ್ರಗಳು. ಇವೆಲ್ಲವನ್ನೂ ಒಳಗಿಟ್ಟುಕೊಂಡು, ಒಳಮೈಯಲ್ಲಿ 60 ಹಲ್ಲುಗಳಿರುವ ಬಳೆ. ಬಳೆಯನ್ನು ಒಂದು ಸುತ್ತು ತಿರುಗಿಸಿದರೆ ಪಂಜರವು 80ರಲ್ಲಿ 60 ಪಾಲು, ಎಂದರೆ ಮುಕ್ಕಾಲು ಸುತ್ತು ಮಾತ್ರ ತಿರುಗುವದು. ಗಾಲಿಯನ್ನು ಪಂಜರಕ್ಕೆ ಜೋಡಿಸಿದರೆ ಏರಿಗೆ ತಕ್ಕ ಗಿಯರು ಸಿಕ್ಕಿತು. ಪಂಜರವನ್ನು ತಿರುಗಿಸಿ ಗಾಲಿಯನ್ನು ಬಳೆಗೆ ಜೋಡಿಸಿದರೆ ಒಂದು ಸುತ್ತಿಗೆ ಒಂದೂ ಮೂರನೆಯ ಒಂದು ಸುತ್ತು, ಇದು ಇಳಿಜಾರಿಗೆ. ಎರಡನ್ನೂ ಬಿಟ್ಟು ನೇರವಾಗಿ ಜೋಡಿಸಿದರೆ ಸಮದಾರಿಗೆ. ಮೊದಲು ಹೇಳಿದ ಹತ್ತೊಂಬತ್ತೂವರೆ ಅಡಿಯು ಏರಿನಲ್ಲಿ 14 ಅಡಿ 8 ಅಂಗುಲವೂ ಇಳಿಜಾರಿನಲ್ಲಿ ಸುಮಾರು 26 ಅಡಿಯೂ ಆಗುವದು. ಒಂದು ಸಣ್ಣ ಸನ್ನೆಯನ್ನು ಬೆರಳಿನಿಂದ ಒತ್ತಿದರೆ ಆಯಿತು. ನಿಂತಲ್ಲಿಯೇ ಗಿಯರನ್ನು ಬದಲಿಸಬಹುದು. ಇಷ್ಟು ಅಂದವಾದ ಗಣಿತವು ಎಣ್ಣೆಯಲ್ಲಿ ಮುಳುಗಿ ಯಾರಿಗೂ ಕಾಣದೆ ಕೆಲಸ ಮಾಡುತ್ತಿರುವದೆಂಬದು ನಮಗಂತೂ ಬಹಳ ಇಷ್ಟವಾದ ಸಂಗತಿ.

ಇದೇ ತತ್ತ್ವವನ್ನು ಜರ್ಮನಿಯ ರೋಲೋಫ್ ಕಂಪನಿಯವರು 1998ರಲ್ಲಿ 14 ಗಿಯರುಗಳವರೆಗೆ ಬೆಳೆಸಿದರು. 2008ರಲ್ಲಿ ಹಿಂದೆ ಪೋರ್ಷೆ ಮೋಟಾರು ಕಂಪನಿಯಲ್ಲಿದ್ದ ಇಬ್ಬರು ಇಂಜಿನಿಯರುಗಳು ಪಿನಿಯನ್ ಎಂಬ ಕಂಪನಿಯನ್ನು ಕಟ್ಟಿ, ಗಿಯರುಗಳನ್ನು ಗಾಲಿಯಿಂದ ಪೆಡಲಿನ ಅಚ್ಚಿನ ಬಳಿಗೆ ತಂದು ಪೆಟ್ಟಿಗೆಯಲ್ಲಿ ಮುಚ್ಚಿದರು. ಹೀಗೆ ಗಿಯರುಗಳು ಒಳಗೆ ಹೋದ ಮೇಲೆ ಸರಪಣಿಯ ಸ್ಥಳದಲ್ಲಿ ಹಲ್ಲುಳ್ಳ ಪಟ್ಟಿಯೂ ನಡೆಯುವದು. ಇಂಗಾಲದ ನಾರಿನಿಂದ ಬಲಪಡಿಸಿದ ಪಟ್ಟಿಗೆ ಎಣ್ಣೆ ಬೇಡ, ತುಕ್ಕು ಹಿಡಿಯುವದಿಲ್ಲ, ಬಿಳಿಯ ಸಮವಸ್ತ್ರಕ್ಕೆ ಮಸಿಯಾಗದು. ಆದರೆ ಅದನ್ನು ಸರಪಣಿಯ ಹಾಗೆ ಕಳಚಿ ಕೂಡಿಸಲಾಗದೆ ಇರುವದರಿಂದ ಚೌಕಟ್ಟನ್ನೇ ಹಿಂಭಾಗದಲ್ಲಿ ಬಿಚ್ಚುವ ಹಾಗೆ ಮಾಡಬೇಕು. ಹಳೆಯ ಬೈಸಿಕಲ್ಲಿಗೆ ಅದನ್ನು ತೊಡಿಸಲಾಗದು. ಬಟ್ಟೆಯು ಸಿಕ್ಕುವ ಭಯವೂ ಪೂರ್ತಿ ತಪ್ಪದು.

ದಂಡದ ಆಸೆಯೂ ಸತ್ತಿಲ್ಲ. 2018ರಲ್ಲಿ ಡೆನ್ಮಾರ್ಕಿನ ಸೆರಾಮಿಕ್‌ಸ್ಪೀಡ್ ಕಂಪನಿಯವರು ಓರೆಹಲ್ಲುಗಳಿಗೆ ಬದಲಾಗಿ ಉರುಳುವ ಗುಂಡುಬೇರಿಂಗುಗಳನ್ನು ದಂಡದ ತುದಿಗಳಲ್ಲಿಟ್ಟು, ಹಿಂದೆ ತಟ್ಟೆಯಾಕಾರದಲ್ಲಿ 13 ಹಲ್ಲುಸಾಲುಗಳನ್ನು ಜೋಡಿಸಿ ಜರ್ಮನಿಯ ಪ್ರದರ್ಶನದಲ್ಲಿ ತೋರಿಸಿದರು. 100ಕ್ಕೆ 99 ಪಾಲು ಶಕ್ತಿಯು ಗಾಲಿಗೆ ಮುಟ್ಟುವದೆಂದು ಅವರ ಮಾತು. ಆದರೆ ಎಲ್ಲವೂ ತೆರೆದೇ ಇದ್ದದ್ದರಿಂದ, ಕೆಸರಿನ ದಾರಿಯ ಹುಡುಗಿಯನ್ನು ನೆನೆಸಿಕೊಂಡು ಮಾಡಿದ ಯಂತ್ರ ಅದಲ್ಲ. 2021ರಲ್ಲಿ ಜರ್ಮನಿಯ ಎರಡು ಕಂಪನಿಗಳು ಪೆಡಲಿನಿಂದ ವಿದ್ಯುತ್ತನ್ನು ಹುಟ್ಟಿಸಿ ತಂತಿಯ ಮೂಲಕ ಗಾಲಿಯ ಮೋಟರಿಗೆ ಕಳುಹಿಸುವ ಏರ್ಪಾಡನ್ನೂ ತೋರಿಸಿದವು. ಶಕ್ತಿಯು ಎರಡು ಬಾರಿ ರೂಪ ಬದಲಿಸುವದರಿಂದ ನಷ್ಟವು ಹೆಚ್ಚು. ಬ್ಯಾಟರಿಯ ಸಹಾಯವಿರುವ ಭಾರದ ಬಂಡಿಗಳಿಗೆ ಅದು ಒಪ್ಪೀತು.

ತಂದೆತಾಯಿಗಳ ಪ್ರಶ್ನೆಗೆ ನಮ್ಮ ಉತ್ತರವೇನಂದರೆ: ಗಿಯರುಗಳು ಗುಂಬದೊಳಗಿರುವ ಬೈಸಿಕಲ್ಲು ಕೈಗೆಟಕುವ ಬೆಲೆಗೆ ದೊರೆತು, ಊರಿನಲ್ಲಿ ಅದನ್ನು ಬಿಚ್ಚಿ ಕೂಡಿಸಬಲ್ಲವರು ಇದ್ದರೆ ಕೊಡಿಸಿರಿ. ದಂಡದ ಬೈಸಿಕಲ್ಲಿಗೆ ಮಾತ್ರ ಅವಸರಪಡಬೇಡಿರಿ. ಹಿಂದಿನ ಗಾಲಿಯು ಪಂಕ್ಚರಾದರೆ ಅದನ್ನು ತೆಗೆದು ಮತ್ತೆ ಕೂಡಿಸುವಾಗ ಹಲ್ಲುಗಳು ಮೊದಲಿನಂತೆಯೇ ಎದುರಾಗಬೇಕು; ಸಂತೆಯ ಮೂಲೆಯಲ್ಲಿ ಪಂಪನ್ನಿಟ್ಟುಕೊಂಡು ಕುಳಿತವನಿಂದ ಅದು ಸಾಧ್ಯವಾದೀತೇ? ಚೈನು ಹರಿದರೆ ಅವನು ಹತ್ತು ನಿಮಿಷದಲ್ಲಿ ಒಂದು ಕೊಂಡಿಯನ್ನು ಹಾಕಿ ಹುಡುಗಿಯನ್ನು ಶಾಲೆಗೆ ಕಳುಹಿಸುವನು. ದಂಡದ ಹಲ್ಲು ಮುರಿದರೆ ಬೈಸಿಕಲ್ಲು ಗೋಡೆಗೆ ಒರಗುವದು. ಗೋಡೆಗೆ ಒರಗಿದ ಬೈಸಿಕಲ್ಲಿನ ಹಿಂದೆಯೇ ಹುಡುಗಿಯೂ ಮನೆಯಲ್ಲಿ ನಿಂತುಬಿಡುವದನ್ನು ನಾವು ನೋಡಿದ್ದೇವೆ.

ಹಾಗಾದರೆ ಬಟ್ಟೆಯ ಭಯಕ್ಕೆ ಮಾಡತಕ್ಕದ್ದೇನು? ಸರಪಣಿಯನ್ನು ತೆಗೆಯುವದಕ್ಕಿಂತ ಮುಚ್ಚುವದು ಸುಲಭವೆಂದು ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿನ ಸನ್‌ಬೀಮ್ ಬೈಸಿಕಲ್ಲಿನವರು ಬಹಳ ಹಿಂದೆಯೇ ತೋರಿಸಿಕೊಟ್ಟರು. ಅವರು ಸರಪಣಿಯನ್ನು ಪೂರ್ಣವಾಗಿ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ಅದರೊಳಗೇ ಎಣ್ಣೆಯು ನಿಲ್ಲುವ ಹಾಗೆ ಮಾಡಿದ್ದರು. ಇಂದು ನಮ್ಮಲ್ಲಿ ಮಾರುವ ಅನೇಕ ಬೈಸಿಕಲ್ಲುಗಳಿಗೆ ಮೇಲ್ಭಾಗವನ್ನು ಮಾತ್ರ ಮರೆಮಾಡುವ ಅರ್ಧ ಕವರನ್ನು ಹಾಕಿರುತ್ತಾರೆ. ಕೊಳ್ಳುವಾಗಲೇ ಪೂರ್ತಿ ಚೈನ್ ಕವರನ್ನೂ ಹಿಂದಿನ ಗಾಲಿಗೆ ಬಟ್ಟೆ ತಡೆಯುವ ಬಲೆಯನ್ನೂ ಕೇಳಿ ಹಾಕಿಸಿರಿ. ಕವರಿನೊಳಗಿರುವ ಚೈನು ಕಣ್ಣಿಗೆ ಬೀಳದೆ ಇರುವದರಿಂದ ತಿಂಗಳಿಗೊಮ್ಮೆ ಅದನ್ನು ಬಿಚ್ಚಿಸಿ ನೋಡತಕ್ಕದ್ದು: ಎರಡು ಹಲ್ಲುಚಕ್ರಗಳ ನಡುವೆ ಬೆರಳಿನಿಂದ ಎತ್ತಿ ಇಳಿಸಿದರೆ ಚೈನು ಅರ್ಧ ಅಂಗುಲದಷ್ಟು ಆಡಬೇಕು. ಅದಕ್ಕಿಂತ ಹೆಚ್ಚು ಸಡಿಲವಿದ್ದರೆ ಕಳಚುವದು. ಬಿಗಿಯಾಗಿದ್ದರೆ ಬೇಗ ಸವೆಯುವದು. ಈ ಕೆಲಸಕ್ಕೆ ಅಣ್ಣನನ್ನು ಕರೆಯಬೇಕಾಗಿಲ್ಲ. 15ನೆಯ ನಂಬರಿನ ಸ್ಪ್ಯಾನರ್ ಒಂದು ಶಾಲೆಯ ಕಛೇರಿಯಲ್ಲಿದೆ. ಬೇಕಾದ ಬಾಲಿಕೆಯರು ಕೇಳಿ ಪಡೆಯಬಹುದು.