ಹಾಕಿಸಿದವಳನ್ನು ಕೇಳಿದರು, ಬೇಡ ಎಂದವರನ್ನು ಕೇಳಲಿಲ್ಲ

ಲಸಿಕೆ ಹಾಕಿಸಿದ ಮೇಲೆ ಮಗುವಿಗೆ ಜ್ವರ ಬಂದರೆ ಮನೆಮಂದಿಯೆಲ್ಲ ತಾಯಿಯ ಮುಖ ನೋಡುತ್ತಾರೆ. ಹಾಕಿಸದೆ ಬಿಟ್ಟ ಮಗುವಿಗೆ ದಡಾರವಾಗಿ, ಅದು ನ್ಯುಮೋನಿಯಾಕ್ಕೆ ತಿರುಗಿದರೆ ಮಾತ್ರ ಹಣೆಬರಹ ಎನ್ನುತ್ತಾರೆ. ಬೇಡ ಎಂದವರು ಯಾರು ಎಂದು ಆಗ ಯಾರೂ ಕೇಳುವುದಿಲ್ಲ. 2017ರ ಫೆಬ್ರವರಿಯಲ್ಲಿ ನನ್ನ ಮಗಳಿಗೆ ದಡಾರ-ರುಬೆಲ್ಲಾ ಲಸಿಕೆ ಹಾಕಿಸಿದಾಗ ಈ ಅನ್ಯಾಯ ನನಗೆ ಚೆನ್ನಾಗಿ ಅರ್ಥವಾಯಿತು. ಅದರ ಸಂಕಟ ಇನ್ನೂ ಆರಿಲ್ಲ. ಬೇರೆ ತಾಯಂದಿರಿಗೆ ಅಂಥ ರಾತ್ರಿ ಬರಬಾರದು ಎಂದು ಬರೆಯುತ್ತಿದ್ದೇನೆ.

ಹಾಕಿಸಲೇಬೇಕು ಎಂದು ನಾನು ನಿಂತದ್ದಕ್ಕೆ ಅಕ್ಕನ ಮಗಳು ಕಾರಣ. ಅಕ್ಕ ಬಸುರಿಯಾದ ಹೊಸತರಲ್ಲಿ ಸಣ್ಣಗೆ ಜ್ವರ ಬಂದು ಮೈಮೇಲೆ ಕೆಂಪು ಗುಳ್ಳೆ ಎದ್ದಿದ್ದವು, ಕಿವಿಯ ಹಿಂದೆ ಗಂಟು ಕಟ್ಟಿತ್ತು. ಮೂರ್ನಾಲ್ಕು ದಿನಕ್ಕೆ ಎಲ್ಲ ಇಳಿದುಹೋಯಿತು. ಉಷ್ಣಕ್ಕೆ ಆಗಿರಬೇಕು ಎಂದು ಎಳನೀರು ಕುಡಿಸಿದರು. ಹುಟ್ಟಿದ ಮಗುವಿಗೆ ಎರಡೂ ಕಣ್ಣಲ್ಲಿ ಪೊರೆ, ಹೃದಯದಲ್ಲಿ ತೊಂದರೆ. ಹಿಂದೆ ನಿಂತು ತಟ್ಟೆ ಬಡಿದರೂ ತಿರುಗಿ ನೋಡುತ್ತಿರಲಿಲ್ಲ. ಅರಸೀಕೆರೆಯಿಂದ ರೈಲು ಹತ್ತಿ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಮತ್ತು ಶ್ರವಣ ಸಂಸ್ಥೆಗೆ ಅಕ್ಕ ಎಷ್ಟೋ ವರ್ಷ ಓಡಾಡಿದಳು. ಎಷ್ಟೋ ಸಲ ನಾನೂ ಜೊತೆಗಿದ್ದೆ. ಬಸುರಿಯಲ್ಲಿ ಬಂದದ್ದು ರುಬೆಲ್ಲಾ ಇರಬೇಕು ಎಂದು ಡಾಕ್ಟರು ಹೇಳಿದ್ದನ್ನು ಕೇಳಿದವಳು ನಾನು. ತಾಯಿಗೆ ಅದು ದೊಡ್ಡ ಕಾಯಿಲೆಯೇ ಅಲ್ಲ. ಆದರೆ ಮೊದಲ ಮೂರು ತಿಂಗಳಲ್ಲಿ ತಗುಲಿದರೆ ಹೊಟ್ಟೆಯಲ್ಲಿರುವ ಕೂಸಿನ ಕಣ್ಣು, ಕಿವಿ, ಹೃದಯಕ್ಕೆ ಹೊಡೆತ, ಗರ್ಭ ನಿಲ್ಲದೆಯೂ ಹೋಗಬಹುದು. ಆಗೆಲ್ಲ ಸರ್ಕಾರಿ ಲಸಿಕೆಗಳಲ್ಲಿ ರುಬೆಲ್ಲಾ ಇರಲಿಲ್ಲ, ಖಾಸಗಿಯಾಗಿ ದುಡ್ಡು ಕೊಟ್ಟು ಹಾಕಿಸಬೇಕಿತ್ತು. ಅಂಥದ್ದೊಂದು ಇದೆ ಎಂದು ನಮ್ಮ ಕಡೆ ಎಷ್ಟು ಜನಕ್ಕೆ ಗೊತ್ತಿತ್ತು?

2017ರಲ್ಲಿ ಅದು ಪುಕ್ಕಟೆಯಾಗಿ ಶಾಲೆಯ ಬಾಗಿಲಿಗೇ ಬಂತು. ಕರ್ನಾಟಕ, ತಮಿಳುನಾಡು, ಗೋವಾ, ಪುದುಚೇರಿ, ಲಕ್ಷದ್ವೀಪಗಳಲ್ಲಿ ಮೊದಲ ಅಭಿಯಾನ. 9 ತಿಂಗಳಿಂದ 15 ವರ್ಷದೊಳಗಿನ ಎಲ್ಲ ಮಕ್ಕಳಿಗೂ, ಹಿಂದೆ ಹಾಕಿಸಿದ್ದರೂ, ಇನ್ನೊಂದು ಡೋಸ್. ಅದರ ಜೊತೆಗೇ ವಾಟ್ಸಾಪಿನಲ್ಲಿ ಆಡಿಯೋಗಳೂ ಬಂದವು: ಲಸಿಕೆ ಹಾಕಿಸಿದ ಮಕ್ಕಳು ಸತ್ತರು, ಹೆಣ್ಣುಮಕ್ಕಳಿಗೆ ಮುಂದೆ ಮಕ್ಕಳಾಗುವುದಿಲ್ಲ, ಬುದ್ಧಿ ಬೆಳೆಯುವುದಿಲ್ಲ. ನಮ್ಮ ಮನೆಗೆ ಅದನ್ನು ತಂದವರು ನನ್ನ ಯಜಮಾನರ ಅಣ್ಣ, ಅಂದರೆ ನಮ್ಮ ಭಾವ. ಊಟಕ್ಕೆ ಕೂತಾಗ ಫೋನು ಮುಂದಿಟ್ಟು ಎಲ್ಲರಿಗೂ ಕೇಳಿಸಿದರು. ‘ನಮ್ಮ ಮನೆ ಮಗೀಗೆ ಬೇಡ, ಅವತ್ತು ಸ್ಕೂಲಿಗೇ ಕಳಿಸಬೇಡಿ’ ಎಂದರು. ಯಜಮಾನರು ತಲೆ ತಗ್ಗಿಸಿ ಮುದ್ದೆ ನುಂಗಿದರು. ನಾನು ಅಕ್ಕನ ಮಗಳ ಹೆಸರೆತ್ತಿದರೆ, ‘ಅದು ಅವರ ಕರ್ಮ, ನಮಗ್ಯಾಕಮ್ಮ’ ಎಂಬ ಉತ್ತರ. ಮರುದಿನ ಮಗಳಿಗೆ ಹೊಟ್ಟೆ ತುಂಬ ಇಡ್ಲಿ ತಿನ್ನಿಸಿ, ನಾನೇ ಜೊತೆಗೆ ಹೋಗಿ, ಪಕ್ಕದಲ್ಲಿ ನಿಂತು ಹಾಕಿಸಿದೆ.

ವಾರ ಕಳೆದ ಮೇಲೆ ಒಂದು ಸಂಜೆ ಅವಳ ಮೈ ಬಿಸಿಯಾಯಿತು. ರಾತ್ರಿ ಉಂಡು ಏಳುವ ಹೊತ್ತಿಗೆ ಜ್ವರ ಕಾದ ಹೆಂಚಿನಂತೆ ಏರಿತ್ತು. ಅತ್ತೆ ಲಂಗ ಎತ್ತಿ ನೋಡಿ, ಹೊಟ್ಟೆಯ ಮೇಲಿನ ಕೆಂಪು ಚುಕ್ಕಿಗಳಿಗೆ ಬೆರಳಿಟ್ಟು, ‘ಅಮ್ಮ ಬಂದವಳೆ’ ಎಂದವರೇ ಬೇವಿನ ಸೊಪ್ಪಿಗೆ ಆಳು ಕಳಿಸಿದರು. ಭಾವ ಹಜಾರದಿಂದ ಬಂದು ಬಾಗಿಲಲ್ಲಿ ನಿಂತರು. ‘ನೋಡಮ್ಮ, ಕಾಯಿಲೆ ಬರಬಾರದು ಅಂತ ಹೋಗಿ ಕಾಯಿಲೇನೇ ಚುಚ್ಚಿಸಿಕೊಂಡು ಬಂದೆ’ ಎಂದರು. ಆಮೇಲೆ ಅದೇ ಆಡಿಯೋವನ್ನು ಮಗುವಿನ ಹಾಸಿಗೆಯ ಪಕ್ಕದಲ್ಲೇ ಹಚ್ಚಿದರು. ಮಕ್ಕಳು ಸತ್ತರು, ಮಕ್ಕಳು ಸತ್ತರು ಎಂದು ಅದರಲ್ಲಿ ಒಬ್ಬ ಹೆಂಗಸು ಮತ್ತೆ ಮತ್ತೆ ಅರಚುತ್ತಿದ್ದಳು. ಮಗಳು ನನ್ನ ಸೆರಗು ಹಿಡಿದು, ‘ಅಮ್ಮಾ, ನಾನು ಸತ್ತೋಗ್ತೀನಾ?’ ಎಂದು ಕೇಳಿದಳು. ಆರು ವರ್ಷದ ಮಗು. ಅವಳ ಎದುರಿಗೆ ಅದನ್ನು ಹಚ್ಚಿದ್ದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಪ್ರಾಥಮಿಕ ಆರೋಗ್ಯ ಕೇಂದ್ರದವರಿಗೆ ಫೋನು ಮಾಡಿದೆ. ಜ್ವರ, ಗುಳ್ಳೆ ಎಂದು ನಾನು ಹೇಳಿ ಮುಗಿಸುವ ಮೊದಲೇ, ‘ನಮ್ಮ ಲಸಿಕೆಯಿಂದ ಏನೂ ಆಗಲ್ಲ, ಬೇರೆ ಏನೋ ಇರುತ್ತೆ’ ಎಂದು ಆ ಕಡೆಯವರು ಇಟ್ಟುಬಿಟ್ಟರು. ಫೋನು ಸ್ಪೀಕರಿನಲ್ಲಿತ್ತು, ಮನೆಯವರೆಲ್ಲ ಕೇಳಿಸಿಕೊಂಡರು. ಏನೂ ಆಗಲ್ಲ ಎನ್ನುತ್ತಾರೆ, ಕಣ್ಣೆದುರಿಗೆ ಆಗುತ್ತಿದೆ, ಹಾಗಾದರೆ ಇವರು ಮುಚ್ಚಿಡುತ್ತಿದ್ದಾರೆ ಎಂಬ ಲೆಕ್ಕಾಚಾರ ಎಲ್ಲರ ಮುಖದಲ್ಲೂ ಕಂಡಿತು. ಆ ಗಳಿಗೆಯಲ್ಲಿ ನನ್ನ ಪರವಾಗಿ ಆ ಮನೆಯಲ್ಲಿ ಒಬ್ಬರೂ ಇರಲಿಲ್ಲ. ಮಗಳನ್ನು ಶಾಲಿನಲ್ಲಿ ಸುತ್ತಿ ಎತ್ತಿಕೊಂಡೆ. ಹೊಸಿಲಲ್ಲಿ ಅತ್ತೆ, ‘ಅಮ್ಮ ಬಂದಾಗ ಆಸ್ಪತ್ರೆಗೆ ಹೋಗಬಾರದು’ ಎಂದು ಅಡ್ಡ ನಿಂತರು. ‘ದಾರಿ ಬಿಡಿ ಅತ್ತೆ’ ಎಂದೆ. ಮದುವೆಯಾಗಿ ಬಂದ ಮೇಲೆ ಅವರಿಗೆ ನಾನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಆಗ ಯಜಮಾನರು ಎದ್ದು ಬಂದು ಬೈಕ್ ತೆಗೆದರು.

ರಾತ್ರಿ ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆ, ‘ಲಸಿಕೆ ಯಾವತ್ತು ಹಾಕಿಸಿದ್ರಿ?’ ದಿನ ಹೇಳಿದೆ. ಅವರು ಎದೆಗೆ ಸ್ಟೆತಾಸ್ಕೋಪು ಇಟ್ಟು, ಕಿವಿ, ಗಂಟಲು ನೋಡಿ, ಪ್ಯಾರಾಸಿಟಮಾಲ್ ಬರೆದು ನಿಧಾನವಾಗಿ ವಿವರಿಸಿದರು. ಇದು ಜೀವಂತ ವೈರಸ್ಸನ್ನೇ ಬಲಗುಂದಿಸಿ ಮಾಡಿದ ಲಸಿಕೆ. ದೇಹ ಅದನ್ನು ಗುರುತಿಸಿ ಎದುರಿಸಲು ಒಂದು ವಾರ ಬೇಕು. ಅದಕ್ಕೇ ಕೆಲವು ಮಕ್ಕಳಿಗೆ 7ರಿಂದ 12 ದಿನದೊಳಗೆ ಜ್ವರ ಬರುತ್ತದೆ, ಇನ್ನೂ ಕೆಲವರಿಗೆ ಗುಳ್ಳೆ ಏಳುತ್ತದೆ, ಒಂದೆರಡು ದಿನದಲ್ಲಿ ಇಳಿಯುತ್ತದೆ. ನಿಜವಾದ ದಡಾರವಾಗಿದ್ದರೆ ಕೆಮ್ಮು, ಸೋರುವ ಮೂಗು, ಕೆಂಗಣ್ಣು ಮೊದಲು ಬಂದು, ಗುಳ್ಳೆ ಮುಖದಿಂದ ಕೆಳಗಿಳಿಯುತ್ತಿತ್ತು ಎಂದರು. ಅವರು ಹೇಳಿದ ಹಾಗೆಯೇ ಆಯಿತು. ಮಗಳು ಎದ್ದು ಮತ್ತೆ ಶಾಲೆಗೆ ಹೋದಳು.

ನನ್ನ ಸಿಟ್ಟು ಇಷ್ಟೇ. ಈ ನಾಲ್ಕು ಮಾತನ್ನು ಲಸಿಕೆ ಹಾಕಿದ ದಿನವೇ ಹೇಳಿದ್ದರೆ ಆ ರಾತ್ರಿ ನಡೆಯುತ್ತಲೇ ಇರಲಿಲ್ಲ. ಯಾವ ಲಸಿಕೆ, ಯಾವ ರೋಗಕ್ಕೆ, ಏನಾಗಬಹುದು, ಆದರೆ ಏನು ಮಾಡಬೇಕು ಎಂದು ತಿಳಿಸುವುದು ಹಾಕುವವರ ಕರ್ತವ್ಯ. ಶಾಲೆಯಿಂದ ಬಂದ ಚೀಟಿಯಲ್ಲಿ ದಿನಾಂಕ ಬಿಟ್ಟರೆ ಏನೂ ಇರಲಿಲ್ಲ. ಆ ಆಡಿಯೋಗಳಿಗಿಂತ ‘ಏನೂ ಆಗಲ್ಲ’ ಎಂಬ ಆ ಒಂದು ಮಾತೇ ನಮ್ಮ ಮನೆಯಲ್ಲಿ ಲಸಿಕೆಯ ಹೆಸರು ಹೆಚ್ಚು ಕೆಡಿಸಿತು.

ಆದ್ದರಿಂದ ಕೇಳಿ ತಿಳಿದುಕೊಳ್ಳಿ. ಮಕ್ಕಳ ಲಸಿಕೆಗೆ ನಮ್ಮಲ್ಲಿ ಗುರುವಾರ. ಸಿಸ್ಟರ್ ಗಡಿಬಿಡಿಯಲ್ಲಿದ್ದರೂ ಬಿಡಬೇಡಿ. ಬಾಟಲಿ ತೋರಿಸಿ ಎನ್ನಿ: ಅದರ ಮೇಲಿನ ಗುರುತಿನಲ್ಲಿ ಒಳಗಿನ ಚೌಕ ಸುತ್ತಲಿನ ವೃತ್ತಕ್ಕಿಂತ ತಿಳಿಯಾಗಿರಬೇಕು. ದಡಾರದ ಲಸಿಕೆಯನ್ನು ಕಲಸಿದ ಮೇಲೆ 4 ಗಂಟೆಯೊಳಗೆ ಮುಗಿಸಬೇಕು, ಎಷ್ಟು ಹೊತ್ತಿಗೆ ಕಲಸಿದಿರಿ ಎಂದು ವಿಚಾರಿಸಿ. ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿ. ಸಣ್ಣ ನೆಗಡಿ ಇದೆ ಎಂದು ಮುಂದೂಡಬೇಡಿ. ಜ್ವರ ಜಾಸ್ತಿ ಇದ್ದರೆ, ಹಿಂದಿನ ಲಸಿಕೆಗೆ ಮೈ ಊದಿ ಉಸಿರುಕಟ್ಟಿದ್ದರೆ ಮೊದಲು ಡಾಕ್ಟರಿಗೆ ಹೇಳಿ. ತಾಯಿ ಕಾರ್ಡನ್ನು ಜೋಪಾನ ಮಾಡಿ. ಈಗ ಈ ಲಸಿಕೆ 9 ತಿಂಗಳು ತುಂಬಿದಾಗ ಒಮ್ಮೆ, 16ರಿಂದ 24 ತಿಂಗಳೊಳಗೆ ಇನ್ನೊಮ್ಮೆ. ಎರಡೂ ಬೇಕು.

ಹೋದ ವರ್ಷ ಭಾವನ ಮಗಳು ಕೂಸಿನ ಜೊತೆ ತವರಿಗೆ ಬಂದಿದ್ದಳು. ಕೂಸಿಗೆ 9 ತಿಂಗಳ ಲಸಿಕೆಯ ಹೊತ್ತು. ‘ನಿಧಾನಕ್ಕೆ ನೋಡೋಣ’ ಎಂದು ಭಾವ ಶುರು ಮಾಡಿದರು. ಎಲ್ಲರೂ ಕೂತಿದ್ದಾಗಲೇ ಕೇಳಿದೆ: ‘ಭಾವ, ನೋಡೋಣ ಅಂದದ್ದು ನೀವು. ಅಷ್ಟರಲ್ಲಿ ದಡಾರ ಬಂದರೆ ನನ್ನ ಮಾತಿನಿಂದ ಬಂತು ಅಂತ ಒಪ್ಕೋತೀರಾ?’ ಅವರು ಉತ್ತರ ಕೊಡಲಿಲ್ಲ. ಹುಡುಗಿ ಆ ಗುರುವಾರವೇ ಕೂಸನ್ನು ಕರೆದುಕೊಂಡು ಹೋಗಿ ಹಾಕಿಸಿದಳು. ನಿಮ್ಮ ಮನೆಯಲ್ಲೂ ಬೇಡ ಎನ್ನುವವರಿದ್ದರೆ ಈ ಪ್ರಶ್ನೆಯನ್ನು ಮೊದಲೇ, ನಾಲ್ಕು ಜನರ ಎದುರಿಗೇ ಕೇಳಿ. ಹಾಕಿಸುವವರು ಹೊಣೆ ಹೊರುತ್ತೇವೆ. ಬೇಡ ಎನ್ನುವವರೂ ಹೊರಲಿ.